ಕಾವಲಜ್ಜ ಕದಲಿದ್ದು

"ಪೆನ್ನು ಇಲ್ಲೇ ಇಡಮ್ಮ. ಒಳಗೆ ಪೆನ್ಸಿಲ್ ಮಾತ್ರ," ಎಂದರು ಮೇಡಂ.

ಅಳಿಲು ಜೇಬಿನಿಂದ ಒಂದು ಪೆನ್ನು ತೆಗೆದಿಟ್ಟಳು. ಬ್ಯಾಗಿನಿಂದ ಇನ್ನೊಂದು. ಆಮೇಲೆ ಸಾಕ್ಸಿನೊಳಗಿನಿಂದ ಮತ್ತೊಂದು.

"ಇದೇನು, ಪೆನ್ನಿನ ಅಂಗಡಿ ಇಟ್ಟಿದೀಯಾ?"

"ಅದಕ್ಕೇ ಮೇಡಂ, ಮನೇಲಿ ಎಲ್ಲರೂ ಇವಳನ್ನ ಅಳಿಲು ಅನ್ನೋದು. ಸಿಕ್ಕಿದ್ದನ್ನೆಲ್ಲ ಬಚ್ಚಿಡ್ತಾಳೆ," ಎಂದು ಅಜ್ಜ ನಕ್ಕ.

ಅದು ಹಳೇ ದಾಖಲೆಗಳ ಕಚೇರಿ, ಮೇಡಂ ಅದನ್ನು ನೋಡಿಕೊಳ್ಳುವವರು. ಉದ್ದನೆಯ ಮೇಜು, ಅದರ ಮೇಲೆ ಮಾಸಿದ ಹಸಿರು ಬಟ್ಟೆ. ಫ್ಯಾನ್ ಎಷ್ಟು ಮೆಲ್ಲಗೆ ತಿರುಗುತ್ತಿತ್ತೆಂದರೆ ಅದರ ರೆಕ್ಕೆಗಳನ್ನು ಎಣಿಸಬಹುದಿತ್ತು. ಜೋರಾಗಿ ತಿರುಗಿದರೆ ನೂರು ವರ್ಷದ ಕಾಗದಗಳು ಪುಡಿಪುಡಿಯಾಗುತ್ತವೆ ಎಂದು ಮೇಡಂ ಹೇಳಿದರು.

ಅಳಿಲು ಐದನೇ ಕ್ಲಾಸು. ಶನಿವಾರ ಕ್ಲಾಸಿನಲ್ಲಿ ಎಲ್ಲರೂ ತಮ್ಮ ಮನೆಯ ಹಿರಿಯರ ಬಗ್ಗೆ ಚಾರ್ಟ್ ಮಾಡಿ ತಂದು ಮಾತಾಡಬೇಕಿತ್ತು. ಯಾರ ಬಗ್ಗೆ ಎಂದು ಅವಳು ಯೋಚಿಸುವ ಮೊದಲೇ ಅಜ್ಜ ಹೇಳಿಬಿಟ್ಟಿದ್ದ: "ಕಾವಲಜ್ಜ! ಇನ್ಯಾರು?"

ಕಾವಲಜ್ಜ ಎಂದರೆ ಅಜ್ಜನ ಮುತ್ತಜ್ಜ, ಸಿಪಾಯಿ. ಒಂದು ಯುದ್ಧದಲ್ಲಿ ಅವನನ್ನು ಸೇತುವೆಯ ಕಾವಲಿಗೆ ಹಾಕಿದ್ದರಂತೆ. ವೈರಿಗಳು ಬಂದಾಗ ಉಳಿದವರೆಲ್ಲ ಕಾಲಿಗೆ ಬುದ್ಧಿ ಹೇಳಿದರಂತೆ. ಅವನೊಬ್ಬ ಮಾತ್ರ ನಿಂತಲ್ಲೇ ನಿಂತು ಪ್ರಾಣ ಬಿಟ್ಟನಂತೆ. ಈ ಕತೆಯನ್ನು ಅಜ್ಜ ಹೇಳಿದಾಗಲೆಲ್ಲ ಕೊನೆಗೆ ಅಂಗೈಯಿಂದ ತೊಡೆ ತಟ್ಟಿ, "ಕಾವಲಜ್ಜ ಕದಲಲಿಲ್ಲ!" ಎನ್ನುತ್ತಿದ್ದ. ಅಷ್ಟು ಹೊತ್ತಿಗೆ ಅಜ್ಜಿ ಏನೋ ಕೆಲಸ ನೆನಪಾದವಳಂತೆ ಎದ್ದು ಒಳಗೆ ಹೋಗಿರುತ್ತಿದ್ದಳು.

ಮನೆಯಲ್ಲಿ ಕಾವಲಜ್ಜನ ಬೆಲ್ಟಿನ ಹಿತ್ತಾಳೆ ಬಿಲ್ಲೆಯೊಂದು ಉಳಿದಿತ್ತು. ಅದರ ಮೇಲೆ ಅವನ ಪಡೆಯ ಹೆಸರೂ 211 ಎಂಬ ನಂಬರೂ ಇದ್ದವು. ಆ ನಂಬರು ಹಿಡಿದೇ ಮೇಡಂ ಎರಡು ವಾರ ಹುಡುಕಿದ್ದರು.

"ಸಿಕ್ಕಿದಾರೆ," ಎಂದು ಅವರು ದಪ್ಪ ರಿಜಿಸ್ಟರ್ ಒಂದನ್ನು ಮಗುವನ್ನು ಮಲಗಿಸಿದ ಹಾಗೆ ಮೇಜಿನ ಮೇಲಿಟ್ಟರು. "ಈ ಪುಟ. ಬೆರಳು ತಾಗಿಸದೆ ಓದಬೇಕು, ಆಯ್ತಾ?"

ಅಜ್ಜನ ಕಣ್ಣಿಗೆ ಪೊರೆ ಬಂದಿತ್ತು. "ನೀನೇ ಓದೇ ಅಳಿಲು. ನಿಧಾನಕ್ಕೆ ಓದು," ಎಂದು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡ.

"ನಂಬರು ಇನ್ನೂರ ಹನ್ನೊಂದು. ವಯಸ್ಸು ಇಪ್ಪತ್ತೊಂಬತ್ತು. ಎತ್ತರ ಐದಡಿ ನಾಲ್ಕಿಂಚು."

"ಕುಳ್ಳ!" ಎಂದ ಅಜ್ಜ. ಅವನು ಕಾವಲಜ್ಜನನ್ನು ಆರಡಿಗಿಂತ ಕಡಿಮೆಗೆ ಇಳಿಸಿದ್ದೇ ಇಲ್ಲ. "ಇರಲಿ, ಮುಂದೆ ಓದು."

"ಗುರುತು, ಎಡ ಹುಬ್ಬಿನ ಮೇಲೆ ಗಾಯದ ಕಲೆ. ಮೊದಲಿನ ಕೆಲಸ, ದೋಣಿ ನಡೆಸುವುದು. ಹೆಂಡತಿ ಇದ್ದಾಳೆ. ಮಕ್ಕಳು, ಒಂದು ಹೆಣ್ಣು, ಒಂದು ಗಂಡು."

"ಹೆಣ್ಣಾ? ತಪ್ಪು ಬರೆದಿರ್ತಾರೆ. ಇದ್ದದ್ದು ಒಬ್ಬನೇ ಮಗ, ನಮ್ಮಜ್ಜ."

ಅಳಿಲು ಕೊನೆಯ ಸಾಲಿಗೆ ಬಂದಳು. ಕೈಬರಹ ಸ್ಪಷ್ಟವಾಗಿತ್ತು.

'ಮಾರ್ಚ್ 9, 1884. ಸೇತುವೆಯ ಕಾವಲಿನಲ್ಲಿದ್ದಾಗ, ಬಂದೂಕು ಬಿಟ್ಟು ಓಡಿಹೋದ. ಮಾರ್ಚ್ 14. ಹಿಡಿದು ತರಲಾಯಿತು.'

ಅವಳು ಆ ಸಾಲನ್ನು ಮನಸ್ಸಿನಲ್ಲೇ ಮತ್ತೊಮ್ಮೆ ಓದಿದಳು.

"ಯಾಕೆ ನಿಲ್ಲಿಸ್ದೆ? ಸೇತುವೆ ಅಂತ ಇದೆಯಾ?"

"ಇದೆ ಅಜ್ಜ. ಸೇತುವೆಯ ಕಾವಲಿನಲ್ಲಿದ್ದಾಗ..." ಅಜ್ಜನ ಮುಖ ಅವಳ ಕಡೆಗೇ ತಿರುಗಿತ್ತು. ತುಟಿ ಅರ್ಧ ತೆರೆದಿತ್ತು. "...ತೀರಿಕೊಂಡ."

ಅಜ್ಜ ಕನ್ನಡಕ ತೆಗೆದ. ಕರವಸ್ತ್ರಕ್ಕೆ ಹುಡುಕಾಡಿ, ಸಿಗದೆ, ಅಂಗಿಯ ತೋಳಿನಿಂದಲೇ ಕಣ್ಣೊರೆಸಿಕೊಂಡ. "ನೋಡಿದ್ಯಾ? ಬರೆದಿಟ್ಟಿದಾರೆ. ನೋಡಿದ್ಯಾ!"

ಮೇಡಂ ಅಳಿಲಿನ ಬೆನ್ನ ಹಿಂದೆಯೇ ನಿಂತಿದ್ದರು. ಅವರಿಗೂ ಓದಲು ಬರುತ್ತದಲ್ಲ! ಅವಳು ತಿರುಗಿ ನೋಡಿದಳು. ಮೇಡಂ ರಿಜಿಸ್ಟರ್ ಮುಚ್ಚಿದರು. ಹೊರಡುವಾಗ ಅವಳ ಮೂರು ಪೆನ್ನುಗಳನ್ನು ವಾಪಸ್ ಕೊಡುತ್ತಾ ಮೆಲ್ಲಗೆ ಹೇಳಿದರು: "ಇನ್ನೊಂದು ಕಡತ ಇರಬೇಕು. ವಿಚಾರಣೆಯದ್ದು. ಸಿಕ್ಕಿದ್ರೆ ನಕಲು ಮಾಡಿ ಕಳಿಸ್ತೀನಿ. ಒಂದೇ ಸಾಲು ಓದಿ ಮನುಷ್ಯನ್ನ ತೀರ್ಮಾನ ಮಾಡ್ಬೇಡ, ಪುಟ್ಟಾ."

ಆಮೇಲಿನ ನಾಲ್ಕು ದಿನ ಅಜ್ಜ ಹಿಗ್ಗಿ ಹೀರೇಕಾಯಿಯಾದ. ಕ್ಷೌರದಂಗಡಿಯಲ್ಲಿ ಹೇಳಿದ, ಪೇಪರ್ ಹಾಕುವವನಿಗೆ ಹೇಳಿದ. ಮೇಲಿನ ಮನೆಯ ಕಿವುಡು ಟೀಚರಿಗೆ ಎರಡು ಸಲ ಕಿರುಚಿ ಹೇಳಿದ. "ಸರ್ಕಾರಿ ರಿಜಿಸ್ಟರಲ್ಲೇ ಇದೆ! ನಮ್ಮ ಅಳಿಲೇ ಓದಿದ್ದು!"

ಹಾಗೆಂದಾಗಲೆಲ್ಲ ಅಳಿಲಿಗೆ ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡ ಹಾಗಾಗುತ್ತಿತ್ತು. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಚಾರ್ಟಿನ ಮೇಲೆ 'ಕಾವಲಜ್ಜ' ಎಂದು ದಪ್ಪಗೆ ಬರೆದು, ಕೆಳಗೆ ಏನೂ ಬರೆಯದೆ ಸುತ್ತಿಟ್ಟಳು.

ಶುಕ್ರವಾರ ಸ್ಕೂಲಿನಿಂದ ಬರುವಷ್ಟರಲ್ಲಿ ಮೇಡಂ ಕಳಿಸಿದ ಲಕೋಟೆ ಬಂದಿತ್ತು, ಅವಳದೇ ಹೆಸರಿಗೆ. ಅಜ್ಜ ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದ. ಅಪ್ಪ ಅಮ್ಮ ಇನ್ನೂ ಕೆಲಸದಿಂದ ಬಂದಿರಲಿಲ್ಲ. ಅಜ್ಜಿ ಕಿಟಕಿಯ ಪಕ್ಕ ಕೂತು ಅವಳ ಯೂನಿಫಾರ್ಮಿಗೆ ಗುಂಡಿ ಹಾಕುತ್ತಿದ್ದಳು.

ಅಳಿಲು ನಿಂತಲ್ಲೇ ಓದಿದಳು. ಎರಡೇ ಪುಟ. ಎರಡನೇ ಪುಟಕ್ಕೆ ಬರುವಾಗ ಅಕ್ಷರಗಳು ಕಲಸಿಕೊಂಡವು.

"ಏನೇ ಅದು? ಯಾಕೆ ಅಳ್ತಿದೀಯ?"

"ಅಜ್ಜಿ, ನಾನು ಅಜ್ಜನಿಗೆ ಸುಳ್ಳು ಓದಿದೆ."

ಅವಳು ಎಲ್ಲವನ್ನೂ ಹೇಳಿದಳು. ಅಜ್ಜಿ ಬೈಯಲಿಲ್ಲ. ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, "ಈ ಕಾಗದದಲ್ಲೇನಿದೆ, ಓದು," ಎಂದಳು.

ಮೊದಲ ಪುಟ ಕಾವಲಜ್ಜನ ಹೇಳಿಕೆ. 'ಊರ ಕಡೆಯ ವ್ಯಾಪಾರಿಯೊಬ್ಬ ಬಂದು, ನನ್ನ ಮಗಳಿಗೆ ಗಂಟಲು ಬಾತು ಉಸಿರು ಕಟ್ಟುತ್ತಿದೆ, ಉಳಿಯುವುದು ಕಷ್ಟ ಎಂದ. ಅವಳಿಗೆ ಆರು ವರ್ಷ. ಮೂರು ಸಲ ರಜೆ ಕೇಳಿದೆ. ಕೊಡಲಿಲ್ಲ. ಹೋದೆ.'

ಎರಡನೆಯದು ಅವನನ್ನು ಹಿಡಿಯಲು ಹೋದ ಹವಾಲ್ದಾರನ ಹೇಳಿಕೆ. 'ಅವನು ತನ್ನ ಮನೆಯಲ್ಲೇ ಸಿಕ್ಕಿದ. ಮಗು ಅವನ ತೊಡೆಯ ಮೇಲಿತ್ತು. ಅವನು ತಪ್ಪಿಸಿಕೊಳ್ಳಲು ನೋಡಲಿಲ್ಲ. ಇವಳದ್ದು ಮುಗಿಯುವ ತನಕ ಕಾಯಿರಿ ಎಂದ. ನಾನೂ ಇಬ್ಬರು ಸಿಪಾಯಿಗಳೂ ಬಾಗಿಲಲ್ಲಿ ಕೂತೆವು. ಮಧ್ಯಾಹ್ನ ದಾಟಿದ ಮೇಲೆ ಮಗು ತೀರಿಕೊಂಡಿತು. ಮಣ್ಣು ಮಾಡಿ ಬಂದು, ಇನ್ನು ಕಟ್ಟಿರಿ ಎಂದು ತಾನೇ ಕೈ ಚಾಚಿದ.'

ಅದರ ಕೆಳಗೆ ಬೇರೆ ಕೈಬರಹದಲ್ಲಿ ಒಂದು ಸಾಲು. 'ಮೇ 22. ಸೆರೆಮನೆಯ ಆಸ್ಪತ್ರೆಯಲ್ಲಿ ಜ್ವರದಿಂದ ಸತ್ತ.'

ಅಜ್ಜಿ ಸೆರಗಿನಿಂದ ಅಳಿಲಿನ ಕೆನ್ನೆ ಒರೆಸಿದಳು.

"ಮತ್ತೆ ಸೇತುವೆ ಕತೆ ಯಾರು ಕಟ್ಟಿದ್ದು, ಅಜ್ಜಿ?"

"ಆ ತಾಯೀನೇ ಇರ್ಬೇಕು. ಉಳಿದ ಮಗನಿಗೆ ಎರಡೋ ಮೂರೋ ವರ್ಷ. ನಿಮ್ಮಪ್ಪನ್ನ ಕೈಕಟ್ಟಿ ಎಳ್ಕೊಂಡು ಹೋದ್ರು ಅಂತ ಹೇಗೆ ಹೇಳ್ತಾಳೆ?" ಅಜ್ಜಿ ಸೂಜಿಯನ್ನು ಮತ್ತೆ ಕೈಗೆತ್ತಿಕೊಂಡು ಹೇಳಿದಳು, "ನಿನಗೊಬ್ಬಳು ಅತ್ತೆ ಇದ್ಲು, ಗೊತ್ತಾ? ನಿಮ್ಮಪ್ಪನಿಗಿಂತ ದೊಡ್ಡವಳು. ತೀರ್ಕೊಂಡಾಗ ಅವಳಿಗೂ ಆರೇ ವರ್ಷ."

ಅಳಿಲಿಗೆ ಗೊತ್ತಿರಲಿಲ್ಲ. ಅಪ್ಪ ಒಬ್ಬನೇ ಮಗ ಎಂದೇ ಅವಳು ತಿಳಿದಿದ್ದಳು.

ಅಜ್ಜ ಆಗ ರೈಲ್ವೆ ಗೇಟ್‌ಮನ್. ಊರಿನಿಂದ ದೂರದ ಗೇಟು. ಮಧ್ಯಾಹ್ನ ಮಗಳಿಗೆ ಜ್ವರ ನೆತ್ತಿಗೇರಿ ಫಿಟ್ಸ್ ಬಂತು. ಅಜ್ಜಿ ಪಕ್ಕದವರ ಕೈಲಿ ಸ್ಟೇಷನ್ನಿಗೆ ಹೇಳಿಕಳಿಸಿದಳು, ಸ್ಟೇಷನ್ನಿನವರು ಗೇಟಿಗೆ ಫೋನ್ ಮಾಡಿದರು. ಬದಲಿ ಆಳು ಬರುವ ತನಕ ಗೇಟು ಬಿಡಬಾರದು ಎಂದರು. ಬದಲಿ ಆಳು ಬಂದದ್ದು ಸಂಜೆಗೆ.

"ನಾನೊಬ್ಬಳೇ ತರಕಾರಿ ಟೆಂಪೋದಲ್ಲಿ ಹಾಕ್ಕೊಂಡು ಆಸ್ಪತ್ರೆಗೆ ಹೋದೆ. ದಾರೀಲಿ ಎರಡು ಸಲ 'ಅಪ್ಪ ಬಂದ್ರಾ' ಅಂತ ಕೇಳಿದ್ಲು. ಆಮೇಲೆ ಕೇಳಲಿಲ್ಲ."

ಬಾಗಿಲಲ್ಲಿ ಸದ್ದಾಯಿತು. ಅಜ್ಜ ಬಂದಿದ್ದ. ಕಣ್ಣಿಗೆ ಡಾಕ್ಟರು ಹಾಕಿದ ಔಷಧಿಗೆ ಬೆಳಕು ಚುಚ್ಚುತ್ತಿತ್ತೇನೋ, ಹಣೆಗೆ ಕೈ ಅಡ್ಡ ಹಿಡಿದಿದ್ದ.

"ಏನು, ಇಬ್ಬರೂ ಮೌನವ್ರತ? ಚಾರ್ಟ್ ಆಯ್ತಾ? ನಾಳೆ ನಾನೂ ಸ್ಕೂಲಿಗೆ ಬರ್ತೀನಿ."

ಅಳಿಲು ಅಜ್ಜಿಯನ್ನು ನೋಡಿದಳು. "ಓದು," ಎಂದಳು ಅಜ್ಜಿ. "ಎಷ್ಟು ದಿನ ಅಂತ ಹೊತ್ಕೊಂಡು ತಿರುಗ್ತೀಯ?"

ಅವಳು ಅಜ್ಜನ ಕೈ ಹಿಡಿದು ಮಂಚದ ಮೇಲೆ ಅಜ್ಜಿಯ ಹತ್ತಿರ ಕೂರಿಸಿದಳು. ಇಬ್ಬರ ನಡುವೆ ತಾನು ಕೂತಳು. "ಅಜ್ಜ, ಆವತ್ತು ನಾನು ತಪ್ಪು ಓದಿದೆ. ಬೇಕಂತಲೇ," ಎಂದಳು. ಆಮೇಲೆ ರಿಜಿಸ್ಟರಿನ ಸಾಲನ್ನು ಇದ್ದ ಹಾಗೇ ಹೇಳಿದಳು. ಎರಡು ಪುಟಗಳನ್ನೂ ಓದಿದಳು. ಈ ಸಲ ಒಂದು ಅಕ್ಷರವನ್ನೂ ಬಿಡಲಿಲ್ಲ.

ಅಜ್ಜ ಬೈಯುತ್ತಾನೆ ಎಂದುಕೊಂಡಿದ್ದಳು. ಅಜ್ಜ ಕೇಳಿದ್ದು ಒಂದೇ: "ಕಾದರಾ? ಬಾಗಿಲಲ್ಲಿ ಕೂತು, ಅಷ್ಟು ಹೊತ್ತು ಕಾದರಾ?"

"ಹೂಂ, ಅಜ್ಜ."

"ಅವನ ತೊಡೆ ಮೇಲೇ ಇದ್ಲಾ?"

"ಹೂಂ."

ಅಜ್ಜ ಹಣೆಗೆ ಹಿಡಿದಿದ್ದ ಕೈ ಇಳಿಸಿದ. "ಆವತ್ತು ಐದು ರೈಲು ಕಳಿಸಿದೆ ಕಣೇ," ಎಂದ. ಯಾರಿಗೆ ಹೇಳಿದ್ದೆಂದು ಮೊದಲು ತಿಳಿಯಲಿಲ್ಲ. ಅಜ್ಜಿಗೆ. "ಪ್ರತಿ ರೈಲಿಗೂ ಬಾವುಟ ಹಿಡಿದು ನಿಂತು, ಕಾವಲಜ್ಜ ಕದಲಲಿಲ್ಲ, ನಾನೂ ಕದಲಬಾರದು ಅಂತ ಹೇಳ್ಕೊಂಡೆ. ಇಷ್ಟು ವರ್ಷಾನೂ ಅದನ್ನೇ ಹೇಳ್ಕೊಂಡು ಬಂದೆ. ಅವನು... ಅವನು ಹೋಗಿದ್ದ. ಹೋಗಿದ್ದ ಕಣೇ."

ಅಳಿಲು ದೊಡ್ಡವರು ಅಳುವುದನ್ನು ನೋಡಿದ್ದಳು. ಆದರೆ ಹೀಗೆ ಸದ್ದೇ ಇಲ್ಲದೆ, ಬಾಯಿ ತೆರೆದುಕೊಂಡು ಅಳುವುದನ್ನು ನೋಡಿರಲಿಲ್ಲ.

"ಸ್ಕೂಲ್ ಮಕ್ಕಳ ಬಸ್ಸು ಅದೇ ಗೇಟು ದಾಟಿ ಬರ್ತಿತ್ತು ರೀ," ಎಂದಳು ಅಜ್ಜಿ. "ನೀವು ಬಿಟ್ಟು ಬಂದಿದ್ರೆ ಏನಾಗ್ತಿತ್ತೋ. ಅದು ನನಗೆ ಆವತ್ತೇ ಗೊತ್ತಿತ್ತು. ನೀವು ಬರಲಿಲ್ಲ ಅಂತಲ್ಲ ನನ್ನ ಸಿಟ್ಟು. ಆಮೇಲೆ ಒಂದು ದಿನಾನೂ ಅವಳ ಹೆಸರು ಎತ್ತಲಿಲ್ಲವಲ್ಲ. ಅವಳ ಬದಲು ಆ ಸೇತುವೆ ಕತೆ ಹೇಳ್ತಾ ಕೂತ್ರಲ್ಲ."

ಹೊರಗೆ ಯಾರೋ ಸ್ಕೂಟರ್ ಸ್ಟಾರ್ಟ್ ಮಾಡಲು ಒದ್ದರು, ಒದ್ದರು. ಕೊನೆಗೆ ಅದು ಹೊರಟುಹೋಯಿತು.

"ಡಬ್ಬಿ ಎಣಿಸ್ತಿದ್ಲು," ಎಂದ ಅಜ್ಜ.

"ಏನಜ್ಜ?"

"ನಿಮ್ಮತ್ತೆ. ಭಾನುವಾರ ಊಟ ತಗೊಂಡು ಗೇಟಿಗೆ ಬರೋಳು, ಇವಳ ಜೊತೆ. ಗೂಡ್ಸ್ ರೈಲು ಬಂದ್ರೆ ನನ್ನ ಹೆಗಲ ಮೇಲೆ ಹತ್ತಿ ಡಬ್ಬಿ ಎಣಿಸೋಳು. ಇಪ್ಪತ್ತೊಂಬತ್ತು ಆದ ಮೇಲೆ ಇಪ್ಪತ್ತಹತ್ತು ಅನ್ನೋಳು."

"ಇಪ್ಪತ್ತಹನ್ನೊಂದು ಕೂಡ," ಎಂದಳು ಅಜ್ಜಿ. ಅವಳ ದನಿ ನಕ್ಕ ಹಾಗಿತ್ತು, ಅತ್ತ ಹಾಗೂ ಇತ್ತು. "ತಿದ್ದೋಕೆ ಹೋದ್ರೆ ನನ್ನ ಮೇಲೇ ರೇಗೋಳು."

ಅಳಿಲಿನ ನಾಲಿಗೆಯ ತುದಿಯಲ್ಲಿ ಒಂದು ಪ್ರಶ್ನೆ ಕೂತಿತ್ತು. ಅಜ್ಜ ಹೋಗಬೇಕಿತ್ತಾ, ನಿಂತಿದ್ದೇ ಸರೀನಾ? ಕಾವಲಜ್ಜನದ್ದು ಸರೀನಾ? ನಾಳೆ ಕ್ಲಾಸಿನಲ್ಲಿ ಯಾರಾದರೂ ಇದನ್ನೇ ಕೇಳುತ್ತಾರೆ. ಕೇಳಿದರೆ ತನಗೆ ಗೊತ್ತಿಲ್ಲ ಎನ್ನಬೇಕು. ಅಜ್ಜನಿಗೂ ಗೊತ್ತಿಲ್ಲ ಎಂದು ಅವನ ಮುಖ ನೋಡಿದಾಗ ಅವಳಿಗೆ ಅನಿಸಿತು. ನಲವತ್ತು ವರ್ಷದಿಂದ ಗೊತ್ತಿಲ್ಲದ್ದನ್ನು ಈಗ ಯಾಕೆ ಕೇಳುವುದು?

ಅವಳು ಇಬ್ಬರ ನಡುವಿನಿಂದ ಮೆಲ್ಲಗೆ ಎದ್ದು ಕೆಳಗೆ ನೆಲದ ಮೇಲೆ ಕೂತಳು. ಅಜ್ಜಿ ಸ್ವಲ್ಪ ಸರಿದಳು. ಅಜ್ಜನ ತಡಕಾಡುವ ಕೈಗೆ ಅಜ್ಜಿಯ ಮೊಣಕೈ ಸಿಕ್ಕಿತು.

"ಅಜ್ಜ," ಎಂದಳು ಅಳಿಲು, "ಅತ್ತೆಯ ಹೆಸರೇನು?"

ಅಜ್ಜ ಒಂದು ಸಲ ಉಸಿರೆಳೆದುಕೊಂಡು ಆ ಹೆಸರು ಹೇಳಿದ.