ತೋಮಾಸಿತೊ ಬಾಯಲ್ಲಿ ನಿಂತ ಸಿಗರೇಟು

ಗಾಜಿನ ಪೆಟ್ಟಿಗೆ ಖಾಲಿಯಾಗಿತ್ತು. ಹೂವಿನ ಕಿರೀಟ ಒಳಗೇ ಬಿದ್ದಿತ್ತು. ಅದನ್ನು ತೊಟ್ಟಿದ್ದ ಬುರುಡೆ ಇರಲಿಲ್ಲ.

“ತೋಮಾಸಿತೊ ಇಲ್ಲ,” ಎಂದಳು ಮುದುಕಿ ಕಸಿಮಿರಾ. ಜಾತ್ರೆಯಲ್ಲಿ ಮಗು ಕೈತಪ್ಪಿದವಳ ದನಿ.

ಅವತ್ತು ನವೆಂಬರ್ ಎಂಟು. ಜಾಗ, ಬೆಟ್ಟಗಳ ಎತ್ತರದಲ್ಲಿರುವ ಲಾ ಪಾಸ್ ನಗರದ ದೊಡ್ಡ ಸ್ಮಶಾನ. ನಮ್ಮೂರಿನ ಬಹಳ ಮನೆಗಳಲ್ಲಿ ಒಂದು ಬುರುಡೆ ಇರುತ್ತದೆ. ಯಾರದೋ ಏನೋ, ದಿಕ್ಕಿಲ್ಲದ್ದು. ಅದಕ್ಕೊಂದು ಹೆಸರಿಟ್ಟು, ಚಳಿಗೆ ಟೋಪಿ ಹಾಕಿ, ಸೋಮವಾರ ಸೋಮವಾರ ಸಿಗರೇಟು ಹಚ್ಚಿಟ್ಟರೆ ಅದು ಮನೆ ಕಾಯುತ್ತದೆ. ವರ್ಷಕ್ಕೊಮ್ಮೆ, ಈ ದಿನ, ಎಲ್ಲವೂ ಪೂಜೆಗೆಂದು ಇಲ್ಲಿಗೆ ಬರುತ್ತವೆ. ನೂರಾರು ಬುರುಡೆಗಳು ಕಪ್ಪು ಕನ್ನಡಕ ಹಾಕಿಕೊಂಡು, ಹೊಗೆ ಬಿಡುತ್ತ, ಸಾಲಾಗಿ ಕೂತಿದ್ದವು. ಬಂದೋಬಸ್ತಿಗೆ ನಾನು, ಸಾರ್ಜೆಂಟ್ ಟಿಕೋನಾ. ಬದುಕಿರುವವರಿಗಿಂತ ಅವೇ ವಾಸಿ. ಹೇಳಿದ ಜಾಗದಲ್ಲಿ ಕೂರುತ್ತವೆ.

ನಾನು ಹುಡುಕುವ ಮೊದಲೇ ಜನ ಹುಡುಕಿಬಿಟ್ಟರು. ಗೇಟಿನ ಬಳಿ ಒಂದು ಮಿನಿಬಸ್ ನಿಂತಿತ್ತು. ಕೆಳನಾಡಿನ ಸಾಂತಾ ಕ್ರೂಸ್‌ನಿಂದ ಊರು ನೋಡಲು ಬಂದ ದಂತವೈದ್ಯಕೀಯ ವಿದ್ಯಾರ್ಥಿಗಳು ಬಾಡಿಗೆಗೆ ಹಿಡಿದದ್ದು. ಅದರೊಳಗೆ ಲೊರೇನಾ ಎಂಬ ಹುಡುಗಿಯ ಬ್ಯಾಗು. ಬ್ಯಾಗಿನೊಳಗೆ ತೋಮಾಸಿತೊ.

ಕೆಳನಾಡಿನವರಿಗೆ ನಮ್ಮ ಸತ್ತವರೂ ಆಟದ ಸಾಮಾನು ಎಂದು ಯಾರೋ ಕೂಗಿದರು. ಕಲ್ಲು ಎತ್ತಿಕೊಂಡವರೂ ಇದ್ದರು. ಹುಡುಗಿಯ ರಟ್ಟೆ ಹಿಡಿದು ಎಳೆತಂದು ಕಾವಲುಗಾರನ ಕೋಣೆಗೆ ತಳ್ಳಿದೆ. ಗುಂಪಿನ ಕೈಗೆ ಸಿಕ್ಕಿದ್ದರೆ ಅವಳು ಉಳಿಯುತ್ತಿರಲಿಲ್ಲ. ಅವರಿಗೂ ಅವಳಿಗೂ ನಡುವೆ ಇದ್ದದ್ದು ಒಂದು ಹಳೇ ಚಿಲಕ, ಮತ್ತು ನಾನು.

* * *

ಹುಡುಗಿಯ ಮುಖ ಸುಣ್ಣದ ಹಾಗಿತ್ತು. ಭಯ ಅರ್ಧ, ಊರಿನ ಎತ್ತರ ಅರ್ಧ. ಬೆಳಿಗ್ಗೆ ಮನೆಗಳ ಮೇಲೆ ತಂತಿಯಲ್ಲಿ ಓಡುವ ತೂಗುತೊಟ್ಟಿಲಲ್ಲಿ ಸುತ್ತಿದ್ದರಂತೆ. ಆಮೇಲೆ ಸಂತೆಯಲ್ಲಿ ಕರಿದ ರೊಟ್ಟಿ, ಬಿಸಿ ಜೋಳದ ಪಾನಕ. ಆಮೇಲೆ ವಾಂತಿ. ಮಾತ್ರೆ ತೆಗೆದುಕೊಳ್ಳಲು ಒಂದೇ ಸಲ ಬಸ್ಸಿಗೆ ಹೋಗಿದ್ದೆ, ಬುರುಡೆ ಒಯ್ಯಲಿಲ್ಲ ಎಂದಳು.

ಡ್ರೈವರ್ ಫೆರ್ಮೀನ್ ಬೇರೆಯೇ ಹೇಳಿದ. ಹುಡುಗಿ ಬಂದು ಬ್ಯಾಗಿಗೆ ಏನನ್ನೋ ತುರುಕಿದ್ದನ್ನು ಕಂಡನಂತೆ. ತಾನು ಹೊಸ ಕ್ರೈಸ್ತ ಸಭೆ ಸೇರಿದವನು, ಬುರುಡೆ ಪೂಜೆ ಸೈತಾನನ ಕೆಲಸ, ಅದಕ್ಕೇ ಬಸ್ಸಿನಲ್ಲೇ ಕೂತಿದ್ದೆ ಎಂದ. ಅವನು ಕಸಿಮಿರಾಳ ಸ್ವಂತ ಮಗ. ಎಂಟು ವರ್ಷದಿಂದ ಅವನು ತೋಮಾಸಿತೊ ಕಡೆ ತಿರುಗಿಯೂ ನೋಡಿಲ್ಲ ಎಂದು ತಾಯಿಯೇ ಗೋಳಾಡಿದಳು.

ವಿದ್ಯಾರ್ಥಿಗಳಲ್ಲಿ ಒಬ್ಬ ತರಲೆ ಇದ್ದ. ಪರೀಕ್ಷೆಗೆ ಓದಲು ಒಂದನ್ನು ಎತ್ತಿಕೊಂಡು ಹೋಗೋಣ ಎಂದು ಬೆಳಿಗ್ಗೆ ನಗೆಯಾಡಿದ್ದನಂತೆ. ಆದರೆ ಕಳುವಾದ ಹೊತ್ತಿಗೆ ಅವನು ಬ್ಯಾಂಡಿನ ಮುಂದೆ ಕುಣಿಯುತ್ತಿದ್ದ. ನಾನೇ ಬೈದು ಆಚೆ ಕಳಿಸಿದ್ದೆ.

ಬ್ಯಾಗನ್ನು ಮತ್ತೆ ನೋಡಿದೆ. ಟೋಪಿ, ಕಪ್ಪು ಕನ್ನಡಕದ ಸಮೇತ ಬುರುಡೆಯನ್ನು ಸ್ವೆಟರಿನ ಮೇಲೆ ಮಲಗಿಸಿದ್ದರು, ಮುಖ ಮೇಲಕ್ಕೆ. ಮೂಗಿನ ನೇರಕ್ಕೆ ಜಿಪ್ ಅಷ್ಟೇ ಅಷ್ಟು ತೆರೆದಿಟ್ಟಿದ್ದರು. ಪಕ್ಕದಲ್ಲಿ ಬೆರಳಿಂದ ನಂದಿಸಿದ ಅರ್ಧ ಸಿಗರೇಟು. ಅವನ ಪಾಲಿನದು, ಎಸೆದಿರಲಿಲ್ಲ. ಹಲ್ಲು ಕೀಳಲು ಕಲಿಯುವ ಹುಡುಗಿ ಬುರುಡೆಗೆ ಉಸಿರು ಕಟ್ಟೀತೆಂದು ಹೆದರುತ್ತಾಳೆಯೆ? ಇದು ನಮ್ಮವರ ಕೈ.

“ಈ ಹುಡುಗಿ ನಿಮ್ಮ ಹತ್ರ ಏನು ಮಾತಾಡಿದ್ಲು, ಅಜ್ಜಿ?” ಎಂದು ಕಸಿಮಿರಾಳನ್ನು ಕೇಳಿದೆ.

“ಒಳ್ಳೆ ಮಾತೇ ಆಡಿದ್ಲಮ್ಮ. ಇವನು ಹಳಬನಲ್ಲ, ಚಿಕ್ಕ ವಯಸ್ಸಿನವನು. ಮುಂದಿನ ಹಲ್ಲು ಬದುಕಿದ್ದಾಗ್ಲೇ ಮುರಿದಿದ್ವು ಅಂದ್ಲು. ಅವರ ಮೇಷ್ಟ್ರು ನೋಡಿದ್ರೆ ಯಾರು ಅಂತ್ಲೂ ಗೊತ್ತಾಗಬಹುದಂತೆ. ನಂಗೆಷ್ಟು ಖುಷಿಯಾಯ್ತು ಅಂದ್ರೆ, ಓಡಿ ಹೋಗಿ ಫೆರ್ಮೀನ್‌ಗೂ ಹೇಳಿ ಬಂದೆ.”

“ಈ ಬುರುಡೆ ನಿಮಗೆ ಎಲ್ಲಿ ಸಿಕ್ತು?”

ಫೆರ್ಮೀನನೇ ತಂದುಕೊಟ್ಟದ್ದಂತೆ. ಯಾರೋ ಗುಂಡಿ ತೋಡುವವನು ಕೊಟ್ಟ ಎಂದಿದ್ದನಂತೆ. ತಂದು ಒಂದು ತಿಂಗಳಿಗೆ ಹೊಸ ಸಭೆ ಸೇರಿದನಂತೆ. ತೋಮಾಸಿತೊ ಕೇಳಿದ್ದೆಲ್ಲ ಕೊಟ್ಟಿದ್ದಾನೆ, ಒಂದನ್ನು ಬಿಟ್ಟು ಎಂದು ಮುದುಕಿ ಕಣ್ಣೊರೆಸಿಕೊಂಡಳು. ಅವಳ ಹಿರಿಮಗ ರೆನಾನ್ ಹೊಲಿಗೆ ಕೆಲಸಕ್ಕೆ ಹೊರದೇಶದ ಸಾವೊ ಪಾವ್ಲೊಗೆ ಹೋದವನು ಇವತ್ತಿಗೂ ಬಂದಿಲ್ಲ. ಆಗೀಗ ಫೆರ್ಮೀನ್‌ಗೆ ಫೋನ್ ಮಾಡುತ್ತಾನಂತೆ. ಅವನನ್ನು ಮನೆಗೆ ಕಳಿಸು ಎಂದು ಅವಳು ಸೋಮವಾರ ತಪ್ಪದೆ ಬೇಡಿಕೊಳ್ಳುತ್ತಾಳೆ.

* * *

ಬುರುಡೆಯನ್ನು ಹೊರಗೆ ತಂದು ಕಲ್ಲುಕಟ್ಟೆಯ ಮೇಲಿಟ್ಟೆ. ಬ್ಯಾಂಡು ನಿಂತಿತು. ಗಾಳಿಯೂ ನಿಂತಿತು. ಅಷ್ಟು ಜನವಿದ್ದೂ ಮೇಣದ ಬತ್ತಿ ಚಟಪಟ ಅನ್ನುವುದು ಕೇಳಿಸುತ್ತಿತ್ತು.

“ತೋಮಾಸಿತೊನೇ ಹೇಳಲಿ,” ಎಂದೆ. “ಬಸ್ಸಿನ ಹತ್ರ ಇದ್ದ ಒಬ್ಬೊಬ್ಬರೂ ಅವನ ಬಾಯಿಗೆ ಸಿಗರೇಟು ಇಡಿ. ಯಾರದ್ದು ಬೀಳುತ್ತೋ ಅವರೇ ಕಳ್ಳರು.”

ಜನ ಹೂಂಗುಟ್ಟಿದರು. ಇಂಥ ನ್ಯಾಯ ನಮ್ಮವರಿಗೆ ಬೇಗ ಹಿಡಿಸುತ್ತದೆ.

ಲೊರೇನಾ ಇಟ್ಟಳು. ಬಿತ್ತು. ಗುಂಪು ಗುರುಗುಟ್ಟಿತು. ಅವಳ ಜೊತೆ ಬಂದಿದ್ದ ಪ್ರೊಫೆಸರ್ ಇಟ್ಟರು. ಅದೂ ಬಿತ್ತು. ಗುರುಗುಡುವುದು ತಟ್ಟನೆ ನಿಂತಿತು. ನಾನೇ ಇಟ್ಟೆ. ನನ್ನದೂ ಬಿತ್ತು. ಮುಂದಿನ ಹಲ್ಲೇ ಇಲ್ಲದ ಬಾಯಿ, ನಿಲ್ಲುವುದಾದರೂ ಎಲ್ಲಿ? ಕಸಿಮಿರಾ ಹತ್ತಿಯ ಉಂಡೆ ಮಾಡಿ ಅದರಲ್ಲಿ ಸಿಕ್ಕಿಸುತ್ತಿದ್ದಳಂತೆ. ಆ ಹತ್ತಿಯನ್ನು ನಾನು ಮೊದಲೇ ತೆಗೆದು ಜೇಬಿಗೆ ಹಾಕಿಕೊಂಡಿದ್ದೆ.

ಕೊನೆಗೆ ಫೆರ್ಮೀನ್. ಮೊದಲು ಒಲ್ಲೆ ಎಂದ, ತನ್ನ ಸಭೆಯ ಹೆಸರು ಹೇಳಿದ. ಜನ ಇನ್ನೂ ಹತ್ತಿರ ಬಂದರು. ಅವನ ಹಣೆಯಲ್ಲಿ ಬೆವರು. ಸಿಗರೇಟು ಹಚ್ಚಿದ, ಬಗ್ಗಿದ. ಕಪ್ಪು ಕನ್ನಡಕದೊಳಗೆ ನೋಡಲಾರದೆ ಕಣ್ಣು ಮುಚ್ಚಿಕೊಂಡ. ಮುಂದೆ ಇಡಲಿಲ್ಲ. ಎಡ ಮೂಲೆಗೆ ಹೋದ, ಎರಡು ದವಡೆ ಹಲ್ಲುಗಳ ನಡುವೆ ಓರೆಯಾಗಿ ಸಿಕ್ಕಿಸಿದ.

ನಿಂತಿತು. ಹೊಗೆ ನೆಟ್ಟಗೆ ಮೇಲೆದ್ದಿತು.

“ನೋಡಿ, ಬೀಳಲಿಲ್ಲ,” ಎಂದ ಫೆರ್ಮೀನ್. ಮುಖದಲ್ಲಿ ಗೆದ್ದ ಕಳೆ.

“ಎಂಟು ವರ್ಷದಿಂದ ನೀನು ಇವನ ಕಡೆ ತಿರುಗೀನೂ ನೋಡಿಲ್ಲ ಅಂದ್ರು ನಿಮ್ಮಮ್ಮ. ಈ ಬಾಯಿ ನಿಂಗೆ ಇಷ್ಟು ಚೆನ್ನಾಗಿ ಹೆಂಗಪ್ಪಾ ಗೊತ್ತು?”

ಅವನು ಒಂದು ಹೆಜ್ಜೆ ಹಿಂದೆ ಸರಿದ. ನಾನು ಹುಡುಕುತ್ತಿದ್ದದ್ದು ಬುರುಡೆ ಕದ್ದವನನ್ನು ಮಾತ್ರ. ಅಷ್ಟರಲ್ಲಿ ಪಕ್ಕದಿಂದ ಕಸಿಮಿರಾಳ ದನಿ ಬಂತು, ಬಹಳ ಸಣ್ಣಗೆ.

“ರೆನಾನ್ ಹಂಗೇ ಸೇದ್ತಿದ್ದ. ಫುಟ್‌ಬಾಲ್ ಆಡ್ತಾ ಮುಂದಿನ ಹಲ್ಲು ಮುರ್ಕೊಂಡ ಮೇಲೆ, ಎಡಗಡೆಗೆ ಕಚ್ಕೊಂಡು.”

ಫೆರ್ಮೀನ್ ತಾನಾಗಿಯೇ ಕಾವಲುಗಾರನ ಕೋಣೆಯತ್ತ ನಡೆದ.

* * *

ಕೋಣೆಯೊಳಗೆ ಅವನೇ ಎಲ್ಲ ಒದರಿದ. ಅಪ್ಪ ಬಿಟ್ಟುಹೋದ ಮಿನಿಬಸ್ ಯಾರು ಓಡಿಸಬೇಕೆಂದು ಅಣ್ಣತಮ್ಮಂದಿರಿಗೆ ಜಗಳ. ಕಾರ್ನಿವಲ್ ದಿನ ಇಬ್ಬರೂ ಕುಡಿದಿದ್ದರು. ಕೊರಕಲಿನ ಅಂಚಿನಲ್ಲಿ ಇವನು ನೂಕಿದ. ಅಲ್ಲೇ ಮಣ್ಣು ಮುಚ್ಚಿದ. ಮುಂದಿನ ಮಳೆಗೆ ಮಣ್ಣು ಕೊಚ್ಚಿಹೋಗಿ ತಲೆ ಮೇಲೆ ಬಂತು. ಬೇರೆ ಊರಿನ ಕೊಲೆಗಾರನಾಗಿದ್ದರೆ ಒಡೆದು ಹೊಳೆಗೆ ಎಸೆಯುತ್ತಿದ್ದ. ಇವನು ನಮ್ಮವನು. ಮನೆಯಿಲ್ಲದೆ, ಹೆಸರಿಲ್ಲದೆ, ಸಿಗರೇಟಿಲ್ಲದೆ ಅಣ್ಣನನ್ನು ಬಿಡಲು ಎದೆ ಬರಲಿಲ್ಲ. ತಂದು ತಾಯಿಯ ಮಡಿಲಿಗೇ ಹಾಕಿದ. ದಿನಾ ಅವನ ಮುಖ ನೋಡಲಾಗದೆ ಹೊಸ ಸಭೆ ಸೇರಿದ. ಸಾವೊ ಪಾವ್ಲೊ, ಫೋನು, ಎಲ್ಲ ಕಟ್ಟಿದ ಕಥೆ.

ಇವತ್ತು ತಾಯಿ ಓಡಿ ಬಂದು ಹಲ್ಲಿನ ಮಾತು ಹೇಳಿದಾಗ ಅವನಿಗೆ ದಿಕ್ಕು ತಪ್ಪಿತು. ಬುರುಡೆ ಎಂದಾದರೂ ಕದಿಯಬಹುದಿತ್ತು, ಇವತ್ತೇ ಯಾಕೆ ಎಂದು ನಾನು ತಲೆ ಕೆಡಿಸಿಕೊಂಡದ್ದಕ್ಕೆ ಉತ್ತರ ಅದು. ತಾಯಿ ಅತ್ತ ತಿರುಗಿದ್ದಾಗ ಬುರುಡೆ ಎತ್ತಿ, ಮಾತಾಡಿದ ಹುಡುಗಿಯ ಬ್ಯಾಗಿಗೇ ಹಾಕಿದ. ಸಿಕ್ಕಿಬಿದ್ದರೆ ಅವಳ ತಲೆಗೆ, ಇಲ್ಲದಿದ್ದರೆ ಸಂಜೆ ತೆಗೆದುಕೊಳ್ಳುವುದು.

ಹೊರಗೆ ಬಂದೆ. ಕಲ್ಲು ಹಿಡಿದವರು ಕಲ್ಲು ಕೆಳಗಿಟ್ಟಿದ್ದರು. ಒಬ್ಬಳು ಹೆಂಗಸು ಲೊರೇನಾಗೆ ತನ್ನ ಶಾಲು ಹೊದಿಸಿ ಬಿಸಿ ಕಷಾಯ ಕುಡಿಸುತ್ತಿದ್ದಳು. ಹುಡುಗಿ ಅಳುತ್ತಿದ್ದಳು.

ಬುರುಡೆಯನ್ನು ಠಾಣೆಗೆ ಒಯ್ಯಬೇಕೆಂದು ಕಸಿಮಿರಾಗೆ ಹೇಳಿದೆ. ಅವಳು ಕಟ್ಟೆಯ ಮೇಲೆ ಅದನ್ನು ತೊಡೆಗೆ ಹಾಕಿಕೊಂಡು ಕೂತಿದ್ದಳು. ಎಡಗಡೆ ಸಿಗರೇಟು ಇನ್ನೂ ಉರಿಯುತ್ತಿತ್ತು.

“ಅದು ಮುಗೀಲಿ, ಸಾರ್ಜೆಂಟಮ್ಮ,” ಎಂದಳು. ಟೋಪಿಯನ್ನು ಅವನ ಕಿವಿಯ ಮೇಲೆ ಸರಿಮಾಡಿದಳು. “ಎಂಟು ವರ್ಷ ರೆನಾನ್‌ನ ಮನೆಗೆ ಕಳಿಸು ಕಳಿಸು ಅಂತ ಇವನನ್ನೇ ಬೇಡ್ಕೊಂಡೆ. ಉತ್ತರಾನೇ ಕೊಡಲ್ವಲ್ಲ ಅಂತ ಎಷ್ಟೋ ಸಲ ಬೈದಿದ್ದೀನಿ. ಮನೇಲೇ ಇದ್ದನಲ್ಲ ನನ್ನ ಕಂದ.”