ಹದಿನೈದು, ಹದಿನೈದು, ಅವಳು

ಮೊದಲ ಸಲ ನಾನು ಅವಳ ಹೊಲಿಗೆ ಅಂಗಡಿಗೆ ಹೋದದ್ದು ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು. ಅವಳು ಮಾತ್ರ ಬೆಂಬಲ ಕೇಳಲು ಬಂದವನೆಂದೇ ತಿಳಿದಳು.

"ನಿಮ್ಮ ಪಾರ್ಟಿಗೆ ನನ್ನ ಬೆಂಬಲ ಇಲ್ಲ, ಹೋಗಿ ಹೇಳಿ," ಎಂದವಳೇ ನಾಲ್ಕು ಗುಂಡುಪಿನ್ನುಗಳನ್ನು ತುಟಿಗಳ ನಡುವೆ ಕಚ್ಚಿಕೊಂಡಳು.

"ಬೆಂಬಲ ಬೇಡ ಮೇಡಂ. ಎರಡಿಂಚು ಕಡಿಮೆ ಮಾಡಿದ್ರೆ ಸಾಕು."

ಆಗ ತಲೆ ಎತ್ತಿದಳು. ಪಿನ್ನುಗಳಿದ್ದುದರಿಂದ ಬಾಯಿ ನಗುವಂತಿರಲಿಲ್ಲ. ನಗುವೆಲ್ಲ ಕಣ್ಣಿಗೆ ಬಂತು. ನಾನು ಅಲ್ಲೇ ಕೆಟ್ಟೆ.

ನಾನು ಪಾರ್ಟಿ ಆಫೀಸಿನ ಟೈಪಿಸ್ಟ್. ಅವಳು ನಮ್ಮ ಪುರಸಭೆಯ ಒಬ್ಬಳೇ ಒಬ್ಬಳು ಪಕ್ಷೇತರ ಸದಸ್ಯೆ. ಅವಳ ವಾರ್ಡಿನ ಹೆರಿಗೆ ಆಸ್ಪತ್ರೆಯನ್ನು ಊರಾಚೆ ಸಾಗಿಸುವ ಮಾತು ಬಂದಾಗ ಎರಡು ಪಾರ್ಟಿಗಳೂ ಬಾಯಿಗೆ ಬೀಗ ಹಾಕಿಕೊಂಡಿದ್ದವು. ಆ ಸಿಟ್ಟಿಗೇ ನಿಂತು ಗೆದ್ದಿದ್ದಳು.

ಆಮೇಲೆ ನನ್ನ ಬಟ್ಟೆಗಳಿಗೆ ದಿನಕ್ಕೊಂದು ಕಾಯಿಲೆ. ಒಂದು ದಿನ ಅವಳು ಷರ್ಟನ್ನು ಬೆಳಕಿಗೆ ಹಿಡಿದಳು. "ಈ ಗುಂಡಿ ಬಿದ್ದಿದ್ದಲ್ಲ. ಬ್ಲೇಡಲ್ಲಿ ಕುಯ್ದಿದ್ದು."

ನಾನು ಗೋಡೆಯ ಕ್ಯಾಲೆಂಡರ್ ನೋಡತೊಡಗಿದೆ.

"ಇನ್ಮೇಲೆ ಸುಮ್ನೆ ಬನ್ನಿ. ಬಟ್ಟೆ ಏನು ಪಾಪ ಮಾಡಿತ್ತು?"

ಸುಮ್ಮನೆ ಹೋಗತೊಡಗಿದೆ. ಅವಳಮ್ಮ ಮೂಲೆಯಲ್ಲಿ ಕಾಜಾ ಹೊಲಿಯುತ್ತ, ಕಂಡೂ ಕಾಣದಂತೆ ಇದ್ದರು.

ಅಷ್ಟರಲ್ಲಿ ಅಧ್ಯಕ್ಷರ ಚುನಾವಣೆ ಬಂತು. ಹದಿನೈದು ಸದಸ್ಯರು ನಮ್ಮವರು, ಹದಿನೈದು ಎದುರು ಪಾರ್ಟಿಯವರು. ಉಳಿದವಳು ಅವಳು. ಭಾನುವಾರ ಮನಸ್ಸಿನಲ್ಲಿರುವುದನ್ನು ಹೇಳಿಬಿಡಬೇಕೆಂದಿದ್ದೆ. ಶನಿವಾರ ಸೋದರಮಾವ ಕರೆದರು. ಅಪ್ಪ ಹೋದ ಮೇಲೆ ನನ್ನನ್ನು ಸಾಕಿದವರು ಅವರೇ. ಪಾರ್ಟಿಯ ಕಾರ್ಯದರ್ಶಿಯೂ ಅವರೇ.

"ಆ ಹುಡುಗಿ ನಿನ್ನ ಮಾತು ಕೇಳ್ತಾಳಂತೆ. ಹೋಗಿ ಒಪ್ಪಿಸು. ಬೇಕಾದ್ರೆ ಮದುವೆ ಆಗ್ತೀನಿ ಅನ್ನು."

"ಮಾವ, ನಾನು ನಿಜವಾಗ್ಲೂ..."

"ಇನ್ನೂ ಒಳ್ಳೇದಾಯ್ತಲ್ಲೋ!" ಎಂದು ಬೆನ್ನು ತಟ್ಟಿದರು.

ಎಷ್ಟೋ ದಿನಗಳಿಂದ ಕೂಡಿಸಿಟ್ಟುಕೊಂಡ ಮಾತೆಲ್ಲ ಒಂದೇ ಏಟಿಗೆ ಪಾರ್ಟಿಯ ಸೊತ್ತಾಯಿತು.

ಭಾನುವಾರ ಅವಳಿಗೆ ಎಲ್ಲವನ್ನೂ ಹೇಳಿದೆ. ಮಾವ ಕಳಿಸಿದ್ದನ್ನೂ, ಕಳಿಸದಿದ್ದರೂ ನಾನು ಬರುತ್ತಿದ್ದುದನ್ನೂ. "ನಮಗೆ ಮಾತ್ರ ವೋಟು ಹಾಕ್ಬೇಡಿ," ಎಂದೆ.

"ಅದನ್ನೂ ಅವರೇ ಹೇಳಿಕೊಟ್ರಾ?"

ಕೇಳಿದ ಮರುಕ್ಷಣವೇ ಅವಳ ಮುಖ ಬಾಡಿತು. "ನಿಮ್ಮ ಮೇಲೆ ನಂಬಿಕೆ ಇದೆ. ಆದ್ರೂ ಆ ಮಾತು ಬಾಯಿಗೆ ಬಂತು ನೋಡಿ."

ಮರುದಿನ ಅವಳು ಎರಡು ಪಾರ್ಟಿಗಳಿಗೂ ಒಂದೇ ಷರತ್ತು ಇಟ್ಟಳು. ಆಸ್ಪತ್ರೆ ಕದಲುವುದಿಲ್ಲವೆಂದು ಬರೆದುಕೊಡಬೇಕು. ಎದುರು ಪಾರ್ಟಿ "ನೋಡೋಣ" ಎಂದಿತು. ಮಾವ ಸಹಿ ಹಾಕಿದರು. ಆ ಕಾಗದ ಟೈಪ್ ಮಾಡಿದವನು ನಾನೇ.

ಸಭೆಯಲ್ಲಿ ಅವಳು ನಮ್ಮವರಿಗೆ ಕೈ ಎತ್ತಿದಳು. ಆಸ್ಪತ್ರೆ ಉಳಿಯಿತು. ಊರ ಬಾಯಲ್ಲಿ ಉಳಿದದ್ದು ಬೇರೆ: "ಗಂಡನಾಗೋನ ಪಾರ್ಟಿಗೆ ಹಾಕಿದ್ಳು." ಚುನಾವಣೆಯಲ್ಲಿ ಅವಳ ಪರವಾಗಿ ಮನೆಮನೆ ತಿರುಗಿದ್ದ ಆಸ್ಪತ್ರೆಯ ದಾದಿ, ಹೊಲಿಯಲು ಕೊಟ್ಟ ಬಟ್ಟೆಯನ್ನು ಹಾಗೇ ವಾಪಸ್ಸು ಒಯ್ದಳು.

ಆ ಮಾತು ನಿಲ್ಲಲೆಂದು ನಾನು ಪಾರ್ಟಿ ಆಫೀಸಿನ ಕೆಲಸ ಬಿಟ್ಟೆ. "ಬಂದ ಕೆಲಸ ಮುಗೀತು, ಬಿಟ್ಟ," ಎಂದರು ಜನ. ಮಾವ ನನ್ನೊಡನೆ ಮಾತು ನಿಲ್ಲಿಸಿದರು.

ಪಕ್ಕದೂರಿನ ಪ್ರೆಸ್ಸಿನಲ್ಲಿ ಕೆಲಸ ಸಿಕ್ಕಿದ್ದನ್ನು ಹೇಳಲು ಒಂದು ಮಧ್ಯಾಹ್ನ ಅಂಗಡಿಗೆ ಹೋದೆ. ಅವಳಮ್ಮ ನನ್ನನ್ನು ಕಂಡು ಸದ್ದಿಲ್ಲದೆ ಒಳಗೆ ಎದ್ದು ಹೋದರು.

"ನಿಮ್ಮನ್ನ ಮದುವೆ ಆದ್ರೆ ಊರು ಹೇಳಿದ್ದೇ ನಿಜ ಆಗುತ್ತೆ," ಎಂದಳು. "ನಾಳೆ ವಾರ್ಡಿನ ಹೆಂಗಸರ ಪರವಾಗಿ ನಾನು ಏನು ಕೇಳಿದ್ರೂ, ಇವಳ ಗಂಡನ ಕಡೆಯವರು ಹೇಳಿಸ್ತಿದ್ದಾರೆ ಅಂತಾರೆ."

"ಅವಧಿ ಮುಗಿದ್ಮೇಲೆ?"

"ಎರಡೂವರೆ ವರ್ಷ ಇದೆ. ವಾರ್ಡಿನವರು ಮತ್ತೆ ನಿಲ್ಲು ಅಂದ್ರೆ ಇಲ್ಲ ಅನ್ನೋಕೆ ನನಗೆ ಬರಲ್ಲ."

"ಕಾಯ್ತೀನಿ."

ಅವಳು ಬಹಳ ಹೊತ್ತು ನನ್ನ ಮುಖವನ್ನೇ ನೋಡಿದಳು. ಇಷ್ಟು ದಿನ ಕದ್ದು ನೋಡಿದ್ದನ್ನೆಲ್ಲ ಒಟ್ಟಿಗೆ ನೋಡುವವಳಂತೆ.

"ಕಾಯ್ಬೇಡ ಕಣೋ," ಎಂದಳು.

ಅದುವರೆಗೆ ಅವಳು ನನ್ನನ್ನು ಏಕವಚನದಲ್ಲಿ ಕರೆದಿರಲಿಲ್ಲ. ಕರೆದದ್ದು ಆಗ, ಅದೊಂದೇ ಸಲ.