ಚಿರತೆಗೆ ತುತ್ತಿಟ್ಟ ಹೊನ್ನಾಜಿ

ಬಹಳ ಬಹಳ ಹಿಂದೆ, ಮೃಗಗಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ಗಿರಿಗೋಡು ಎಂಬ ರಾಜ್ಯವಿತ್ತು. ಅಲ್ಲಿನ ದೊರೆ ಬೆಟ್ಟದ ಜನರ ಕಾಡು ಸುಟ್ಟು ಅವರನ್ನು ಓಡಿಸಿದ. ಅವರು ಭೈರುಂಡನೆಂಬ ಮಾಂತ್ರಿಕನ ಮೊರೆ ಹೊಕ್ಕರು. ಅವನು ಕೊಟ್ಟ ಬೇರಿನ ರಸ ಕುಡಿದವರೆಲ್ಲ ಚಿರತೆಗಳಾದರು. ಪೊದೆಗಳಲ್ಲಿ ಅಡಗಿ ಕುಳಿತು ಕೋಟೆಯ ಜನರ ಮೇಲೆ ಎರಗಿದರು. ಸೈನಿಕರು ಕಂಡಕಂಡ ಚಿರತೆಗಳನ್ನು ಈಟಿಯಿಂದ ತಿವಿದರು. ಎರಡೂ ಕಡೆ ಗೋಳೋ ಗೋಳು. ಒಂದು ಮನೆ ಅತ್ತರೆ ಭೈರುಂಡನ ಆಯುಸ್ಸು ಒಂದು ವರ್ಷ ಬೆಳೆಯುತ್ತಿತ್ತು.

ದೊರೆ ಸತ್ತ ಮೇಲೆ ಅವನ ಮಗಳು ಚಂದಲಾದೇವಿ ರಾಣಿಯಾಗಿ ಚಿರತೆಗಳ ನಾಯಕನೊಡನೆ ಒಪ್ಪಂದ ಮಾಡಿಕೊಂಡಳು. ಕಾಡು ಬೆಟ್ಟದವರಿಗೆ ಸೇರಬೇಕು, ಅವರು ಮನುಷ್ಯರಾಗಿ ಬಾಳಬೇಕು. ಆದರೆ ಮಾಟ ಇಳಿಯಲು ಒಂದೇ ದಾರಿಯಿತ್ತು. ಚಿರತೆ ಯಾರನ್ನು ಕೊಂದಿತ್ತೋ ಅವರ ಮನೆಯವರೇ ಅದಕ್ಕೆ ಕೈಯಾರೆ ಒಂದು ತುತ್ತು ಅನ್ನ ಇಡಬೇಕು.

ಊರು ಎರಡಾಯಿತು.

ಒಪ್ಪಂದದ ದಿನ ಕೋಟೆಯ ಮುಂದೆ ಚಿರತೆಗಳು ಸಾಲಾಗಿ ಬಂದು ಕುಳಿತವು. ಬಾಗಿಲ ಕೀಲಿ ಹೊನ್ನಾಜಿಯ ಸೊಂಟದಲ್ಲಿತ್ತು. ಕಾವಲುಗಾರನಾಗಿದ್ದ ಅಣ್ಣ ಭರಮನನ್ನು ಚಿರತೆ ಕೊಂದ ಮೇಲೆ ಆ ಕೆಲಸ ಅವಳ ಪಾಲಿಗೆ ಬಂದಿತ್ತು.

"ತೆಗೀಬೇಡ ಕಣೇ!" ಎಂದು ಅವಳ ಚಿಕ್ಕವ್ವ ದ್ಯಾಮವ್ವ ಅಡ್ಡ ನಿಂತಳು. "ನನ್ನ ಮಗನ್ನ ತಿಂದ ಬಾಯಿಗೆ ನಾನೇ ಅನ್ನ ಇಡಬೇಕಾ?"

"ತೆಗಿ ತಾಯಿ," ಎಂದ ಕಮ್ಮಾರ ಸಿಂಗಣ್ಣ. "ಒಬ್ಬ ಮಗನ್ನ ಸುಟ್ಟು ಬಂದೀನಿ. ಇನ್ನೊಬ್ಬನಿಗೆ ಮೀಸೆ ಬರ್ತಾ ಇದೆ. ನಾಳೆ ಅವನೂ ಈಟಿ ಹಿಡೀಬೇಕಾ?"

ಜನ ಕೂಗಾಡಿದರು, ಕಲ್ಲು ಎತ್ತಿಕೊಂಡರು. ಹೊನ್ನಾಜಿ ರಾಣಿಯ ಮುಖ ನೋಡಿದಳು.

"ಒಪ್ಪಂದಕ್ಕೆ ಮುದ್ರೆ ಒತ್ತಿದ್ದು ನನ್ನ ಕೈ," ಎಂದಳು ರಾಣಿ. "ತುತ್ತಿಡಬೇಕಾದ್ದು ನಿಮ್ಮ ಕೈ. ಅದಕ್ಕೆ ನಾನು ಅಪ್ಪಣೆ ಮಾಡಲಾರೆ."

ಹೊನ್ನಾಜಿಗೂ ಮನಸ್ಸಿರಲಿಲ್ಲ. ಆದರೂ ಅಳುವ ಮನೆಗಳ ಸಾಲು ಇನ್ನೆಷ್ಟು ಉದ್ದ ಬೆಳೆಯಬೇಕು? ಬಾಗಿಲು ತೆರೆದಳು. ಎಲೆಯಲ್ಲಿ ಅನ್ನ ಹಿಡಿದು ಹೊರಗೆ ಕಾಲಿಟ್ಟಳು.

ಅಳು ನಿಂತರೆ ತನ್ನ ಆಯುಸ್ಸೂ ನಿಲ್ಲುವುದೆಂದು ಭೈರುಂಡ ಮೊದಲು ಹದ್ದಾಗಿ ಬಂದು ಅನ್ನ ಕಸಿದ. "ಅಪಶಕುನ! ಅಪಶಕುನ!" ಎಂದರು ಜನ. ಹೊನ್ನಾಜಿ ಒಳಗೆ ಹೋಗಿ ಬೇರೆ ಅನ್ನ ತಂದಳು.

ಎರಡನೆಯ ಸಲ ಅವನು ನೆಲದೊಳಗೆ ಹೊಕ್ಕು ಭರಮನ ದನಿಯಲ್ಲಿ ಕೂಗಿದ: "ತಂಗೀ, ನನ್ನ ಕೊಂದವರಿಗೆ ಉಣ್ಣಿಸ್ತೀಯಾ?"

ಅವಳು ಎಲೆಯನ್ನು ಎದೆಗೆ ಒತ್ತಿ ಹಿಡಿದಳು. "ಅಣ್ಣಾ," ಎಂದು ಬಿಕ್ಕಿದಳು, "ನೀನೇ ಆಗಿದ್ದರೂ ಸರಿ, ಇದೊಂದು ಮಾತು ಕೇಳಲಾರೆ."

ಮೂರನೆಯ ಸಲ ಅವನು ಬುರುಜಿನ ಮೇಲಿಂದ ಬಾಣ ಬಿಟ್ಟ. ಅದು ನಾಯಕ ಚಿರತೆಯ ಹೆಗಲಿಗೆ ನಾಟಿತು. ಸಾಲಿಗೆ ಸಾಲೇ ಗುರುಗುಟ್ಟುತ್ತ ಎದ್ದಿತು. ಗೋಡೆಯ ಮೇಲೆ ಬಿಲ್ಲುಗಳು ಬಾಗಿದವು. ಒಂದು ಹೆಜ್ಜೆ ತಪ್ಪಿದ್ದರೆ ಊರು ಸುಡುಗಾಡಾಗುತ್ತಿತ್ತು. ಆಗ ನಾಯಕ ಚಿರತೆ ರಕ್ತ ಸುರಿಸುತ್ತಲೇ ನೆಲಕ್ಕೆ ತಲೆಯಿಟ್ಟು ಮಲಗಿತು. ಅದನ್ನು ಕಂಡು ಉಳಿದವೂ ಮಲಗಿದವು.

ಹೊನ್ನಾಜಿ ಅದರ ಬಳಿ ಕುಳಿತಳು.

"ಬಿದಿರುಮೆಳೆಯ ಹತ್ತಿರ ನಿನ್ನಣ್ಣನ ಮೇಲೆ ಎರಗಿದವನು ನಾನೇ," ಎಂದಿತು ಚಿರತೆ. "ತಿಳಿದೇ ಇಡು."

ಅವಳು ಎಲೆಯ ಅನ್ನವನ್ನು ತುತ್ತು ಮಾಡಿದಳು.

"ನಿನ್ನನ್ನು ಕ್ಷಮಿಸಿಲ್ಲ," ಎಂದಳು. "ಆದರೆ ನನ್ನ ಹಾಗೆ ಇನ್ನೊಬ್ಬ ತಂಗಿ ಅಳುತ್ತ ಕೂರಬಾರದು. ಉಣ್ಣು."

ಚಿರತೆ ಅವಳ ಕೈಯಿಂದ ತುತ್ತು ತಿಂದಿತು. ಮೈಯ ಚುಕ್ಕೆಗಳು ಉದುರಿದವು. ಅಲ್ಲಿ ಒಬ್ಬ ಬಡಕಲು ಮನುಷ್ಯ ಹೆಗಲು ಹಿಡಿದುಕೊಂಡು ಅಳುತ್ತಿದ್ದ. ಮಾಟ ಮುರಿದೊಡನೆ, ಅಳುವ ಮನೆಗಳಿಂದ ಕದ್ದ ವರ್ಷಗಳೆಲ್ಲ ಒಮ್ಮೆಲೇ ಮೈಮೇಲೆ ಬಿದ್ದು ಭೈರುಂಡ ಬುರುಜಿನ ಮೇಲೇ ಬೂದಿಯಾದ.

ಸಿಂಗಣ್ಣ ಅನ್ನ ಹಿಡಿದು ಬಂದ. ಅವನ ಹಿಂದೆ ಒಬ್ಬೊಬ್ಬರಾಗಿ ಹಲವರು ಬಂದರು. ದ್ಯಾಮವ್ವ ಮಾತ್ರ ಮನೆಗೆ ಹೋಗಿ ಕದ ಹಾಕಿಕೊಂಡಳು. ಅವಳ ಮಗನನ್ನು ಕೊಂದ ಚಿರತೆ ಅವಳ ಜಗುಲಿಯ ಕೆಳಗೆ ಬಂದು ಕುಳಿತಿತು. ಪೊರಕೆಯಿಂದ ಹೊಡೆದಳು, ಬಿಸಿನೀರು ಎರಚಿದಳು. ಅದು ಏಳಲಿಲ್ಲ. ಮಳೆಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ ಅವಳು ಬಾಯಿಗೆ ಬಂದಂತೆ ಬೈಯುತ್ತಲೇ ಅದರ ಬಾಯಿಗೆ ತುತ್ತಿಟ್ಟಳು.

ಹೀಗೆ ಗಿರಿಗೋಡಿನ ಚಿರತೆಗಳೆಲ್ಲ ಮನುಷ್ಯರಾದರು. ಬೆಟ್ಟದವರು ಕಾಡಿನಲ್ಲಿ, ಕೋಟೆಯವರು ಊರಿನಲ್ಲಿ ಸುಖವಾಗಿ ಬಾಳಿದರು. ಒಪ್ಪಂದ ಸರಿಯೋ ತಪ್ಪೋ ಎಂಬ ಜಗಳ ಮಾತ್ರ ಬಾವಿಕಟ್ಟೆಯಲ್ಲಿ ನಿಲ್ಲಲೇ ಇಲ್ಲ. ಆದರೆ ಜಗಳವಾಡಿದವರೆಲ್ಲ ಸಂಜೆ ಜೀವಂತವಾಗಿ ಮನೆಗೆ ಹೋಗುತ್ತಿದ್ದರು.